ಕಳೆದುಹೋದ ಹಾಳೆಗೆ ನಾನು ಬರೆದ ಅಳು

ಇದನ್ನು ಹೇಳುವುದನ್ನು ಆರು ವರ್ಷಗಳಿಂದ ಮುಂದೂಡುತ್ತ ಬಂದಿದ್ದೇನೆ. ಮೊದಲು ಕಣ್ಣಿನ ಆಪರೇಷನ್ ಮುಗಿಯಲಿ ಎಂದುಕೊಂಡೆ. ಆಮೇಲೆ ಪುಸ್ತಕದ ಮಾತು ತಣ್ಣಗಾಗಲಿ ಎಂದುಕೊಂಡೆ. ಅದು ಗ್ರೀಕರ ಒಂದು ಹಳೆಯ ದುರಂತ ನಾಟಕದ ಕನ್ನಡ ಅನುವಾದ. ನಾಟಕದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಪುಸ್ತಕ ಓದಿದವರಿಗೆ ಅದು ಹೇಗೂ ಗೊತ್ತಾಗುತ್ತದೆ. ಅದರ ಮುಖಪುಟದ ಮೇಲೆ ಅನುವಾದಕರ ಹೆಸರು ಒಂದೇ ಇದೆ, ನನ್ನದು. ಇರಬೇಕಾಗಿದ್ದುದು ಎರಡು.

ನಾನು ಮಂಡ್ಯದ ಕಡೆಯವನು. ಎಸ್ಸೆಸ್ಸೆಲ್ಸಿ ಮುಗಿಸಿ ರೈಲ್ವೆಗೆ ಸೇರಿ, ಮದ್ರಾಸಿನ ಪಾರ್ಸೆಲ್ ಆಫೀಸಿನಲ್ಲೇ ತಲೆ ನರೆಸಿಕೊಂಡವನು. ಆ ಆಫೀಸು ಕಲಿಸಿದ ವಿದ್ಯೆ ಎಂದರೆ ಅನುಮಾನ. ಚೀಟಿಯಲ್ಲಿ ಬಟ್ಟೆ ಎಂದಿದ್ದರೆ ಮೂಟೆಯನ್ನು ಒಮ್ಮೆ ಅದುಮಿ ನೋಡಬೇಕು. ನಿವೃತ್ತನಾದ ಮೇಲೆ ಮೂಟೆಗಳು ಹೋದವು, ಅದುಮುವ ಕೈ ಉಳಿಯಿತು.

ಮದ್ರಾಸಿನ ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ ಸಣ್ಣ ನಾಟಕಗಳನ್ನು ಬರೆದುಕೊಡುತ್ತಿದ್ದವನು ನಾನೇ. ಅದರ ಕಾರ್ಯದರ್ಶಿ ಬ್ಯಾಂಕಿನಿಂದ ನಿವೃತ್ತರಾದವರು. ಒಂದು ದಿನ ಅವರು, ಗ್ರೀಕ್ ನಾಟಕವೊಂದನ್ನು ಈಗಿನವರು ಓದುವಂಥ ಕನ್ನಡಕ್ಕೆ ತರೋಣ ಎಂದರು.

"ಗ್ರೀಕ್ ಯಾರಿಗೆ ಬರತ್ತೆ ಸ್ವಾಮಿ?" ಎಂದೆ.

"ಅಡ್ಯಾರಲ್ಲಿ ಒಬ್ರಿದಾರೆ ಸಾರ್. ಚುಮ್ಮಾ ಹೇಳ್ತಿಲ್ಲ. ಆಮೇಲೆ ನೀವಿದೀರಲ್ಲ, ಕನ್ನಡ ತಿದ್ದಕ್ಕೆ."

ತಿದ್ದಕ್ಕೆ ಎಂಬ ಮಾತು ನನಗೆ ಚುಚ್ಚಿತು. ಆದರೂ ಹೋದೆ.

ಆಕೆ ಪಾದ್ರಿಗಳಾಗುವವರು ಓದುವ ಒಂದು ಕಾಲೇಜಿನಲ್ಲಿ ಲೈಬ್ರರಿಯನ್ ಆಗಿದ್ದವರು. ಬೈಬಲ್ ಓದಲು ಅಲ್ಲಿ ಗ್ರೀಕ್ ಕಲಿಸುತ್ತಿದ್ದರಂತೆ. ಆಕೆ ಕೆಲಸದ ನಡುವೆ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು ಕಲಿತು, ನಂತರ ಇನ್ನೂ ಹಳೆಯ ಗ್ರೀಕನ್ನು ತಾವೇ ಓದಿಕೊಂಡಿದ್ದರು. ತಂದೆ ಕೊಳ್ಳೇಗಾಲದವರು; ಈಕೆ ಹುಟ್ಟಿ ಓದಿದ್ದು ಮದ್ರಾಸಿನಲ್ಲಿ. ಸಂಘದಲ್ಲಿ ಎಲ್ಲರೂ ಲೈಬ್ರರಿ ಮೇಡಂ ಎನ್ನುತ್ತಿದ್ದರು.

ಮೊದಲ ದಿನವೇ ಆಕೆ ಹೇಳಿದ್ದರು: "ಮೂವತ್ತು ವರ್ಷ ಬೇರೆಯೋರ ಪುಸ್ತಕಕ್ಕೆ ಸೀಲು ಹೊಡ್ದೆ ಸಾರ್. ಒಂದರ ಮೇಲಾದ್ರೂ ನನ್ನ ಹೆಸರು ಇರ್ಲಿ ಅಂತ ಆಸೆ. ನಗಬೇಡಿ."

ನಾನು ನಗಲಿಲ್ಲ. ನನಗೂ ಅದೇ ಆಸೆಯಿತ್ತು.

ಪ್ರತಿ ಮಂಗಳವಾರ ಬೆಳಿಗ್ಗೆ ಗಿಂಡಿಯಿಂದ ಬಸ್ಸಿನಲ್ಲಿ ಅವರ ಮನೆಗೆ ಹೋಗುತ್ತಿದ್ದೆ. ಆಕೆ ಒಂದೊಂದು ಸಾಲನ್ನೂ ಪದ ಪದವಾಗಿ ಬಿಡಿಸಿ, ಮೂಲದಲ್ಲಿದ್ದ ಸರದಿಯಲ್ಲೇ ಕನ್ನಡದ ಅರ್ಥವನ್ನು ನೀಲಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿರುತ್ತಿದ್ದರು. ನಾನು ಅದನ್ನು ವಾಕ್ಯ ಮಾಡಿ ಓದಬೇಕು. ಆಕೆ ಒಪ್ಪಬೇಕು.

"'ಒಳಗೆ ನಡೆಯಿರಿ ಅಜ್ಜ' ಅಂತ ಬರ್ದಿದೀರಾ. ಅಜ್ಜ ಇಲ್ಲ ಸಾರ್ ಅಲ್ಲಿ. ಮುದುಕ ಅಂತ ಇದೆ."

"ರಾಜನಾದವನು ಹಿರಿಯರನ್ನ ಹಂಗೆ ಬೈತಾನಾ ಮೇಡಂ?"

"ನಿಮ್ ಆಫೀಸಲ್ಲಿ ಯಾರೂ ಬೈತಿರ್ಲಿಲ್ವಾ? ಇರೋದನ್ನ ಹಾಕಿ. ಅಷ್ಟರಲ್ಲಿ ನಾನು ಕಾಫಿ ಹಾಕಿ ತರ್ತೀನಿ."

ಹೀಗೆ ಅರ್ಧ ನಾಟಕ ಮುಗಿಯಿತು. ಅಷ್ಟರಲ್ಲಿ ನನಗೆ ಒಂದು ವಿಷಯ ಕಣ್ಣಿಗೆ ಬೀಳತೊಡಗಿತ್ತು. ಆಕೆಯ ಬಳಿ ಕಂದು ರಟ್ಟಿನ ಇನ್ನೊಂದು ನೋಟ್‌ಬುಕ್ ಇತ್ತು. ನಾನು ಬಂದೊಡನೆ ಅದನ್ನು ಮುಚ್ಚಿ ನಿಘಂಟಿನ ಕೆಳಗೆ ಸರಿಸುತ್ತಿದ್ದರು. ಗ್ರೀಕನ್ನು ಗಟ್ಟಿಯಾಗಿ ಓದಿ ಎಂದರೆ, ತಮ್ಮ ಉಚ್ಚಾರ ಸರಿಯಿಲ್ಲ ಎಂದು ತಪ್ಪಿಸಿಕೊಳ್ಳುತ್ತಿದ್ದರು. ಬಸ್ಸಿನಲ್ಲಿ ಮನೆಗೆ ಬರುವಾಗಲೆಲ್ಲ ಇವೆರಡನ್ನೂ ಜೋಡಿಸಿ ನೋಡುತ್ತಿದ್ದೆ.

ಒಂದು ಮಂಗಳವಾರ ಆಕೆ ಅಡುಗೆಮನೆಗೆ ಹೋದಾಗ ಕಂದು ನೋಟ್‌ಬುಕ್ ತೆರೆದೆ. ಒಳಗೆಲ್ಲ ತಮಿಳು. ನಾವು ಮಾಡಿದ್ದ ದೃಶ್ಯಗಳೇ, ಸಾಲು ಸಾಲಾಗಿ ತಮಿಳಿನಲ್ಲಿ. ನನ್ನ ಎದೆ ಹೊಡೆದುಕೊಂಡಿತು. ಅದು ಬೇಸರದಿಂದಲ್ಲ ಎಂದು ಈಗ ಬರೆಯಲೇಬೇಕು. ಸಿಕ್ಕಿಬಿದ್ದರು ಎಂಬ ಸಂತೋಷ ಅದು. ಯಾವುದೋ ತಮಿಳು ಅನುವಾದ ಇಟ್ಟುಕೊಂಡು ಈಕೆ ಗ್ರೀಕ್ ಎಂದು ನನ್ನ ಮುಂದೆ ನಾಟಕ ಆಡುತ್ತಿದ್ದಾರೆ ಎಂದುಕೊಂಡೆ.

ಕಾಫಿ ಬಂತು. ಕುಡಿದೆ. ಏನೂ ಕೇಳಲಿಲ್ಲ.

ಮುಂದಿನ ತಿಂಗಳು ಕೊನೆಯ ದೃಶ್ಯಕ್ಕೆ ಬಂದೆವು. ಭ್ರಮೆಯಲ್ಲಿ ತನ್ನ ಮಗನನ್ನೇ ಕೊಂದ ತಾಯಿಗೆ ಬುದ್ಧಿ ಮರಳುತ್ತದೆ, ಹೆಣದ ಮುಂದೆ ಕೂರುತ್ತಾಳೆ. ನೀಲಿ ನೋಟ್‌ಬುಕ್ಕಿನಲ್ಲಿ ಅಲ್ಲಿ ಒಂದು ಇಡೀ ಪುಟ ಖಾಲಿ.

"ಇಲ್ಲಿ ಏನಾಯ್ತು ಮೇಡಂ?"

"ಅದು ಸಿಕ್ಕಿಲ್ಲ ಸಾರ್. ಹಳೇ ಪ್ರತಿಯಲ್ಲೇ ಹಾಳೆ ಕಳ್ದೋಗಿದೆ. ಅವಳು ಅತ್ತಿದ್ದು ಯಾರಿಗೂ ಗೊತ್ತಿಲ್ಲ. ನಾವೂ ಖಾಲೀನೇ ಬಿಡೋಣ, ಕೆಳಗೆ ಒಂದು ಮಾತು ಹಾಕೋಣ."

ನನ್ನ ಚೀಲದಲ್ಲಿ ಹಳೆಯ ಇಂಗ್ಲಿಷ್ ಅನುವಾದವೊಂದಿತ್ತು. ಆ ಜಾಗದಲ್ಲಿ ಅದರಲ್ಲಿ ತಾಯಿ ಎರಡು ಪುಟ ಅಳುತ್ತಾಳೆ. ಇಂಗ್ಲಿಷಿನವನಿಗೆ ಸಿಕ್ಕಿದ್ದು ಈಕೆಗೆ ಸಿಗಲಿಲ್ಲವೇ? ತಮಿಳು ಪುಸ್ತಕದಲ್ಲಿ ಬಿಟ್ಟುಹೋಗಿರಬೇಕು, ಅದಕ್ಕೇ ಈ ಕಥೆ ಎಂದು ತೀರ್ಮಾನಿಸಿದೆ. ಆ ಇಂಗ್ಲಿಷ್ ಪುಸ್ತಕದ ಕೊನೆಯಲ್ಲಿ ಸಣ್ಣ ಅಕ್ಷರದ ಟಿಪ್ಪಣಿಗಳಿದ್ದವು. ಅವನ್ನು ನಾನು ಓದಿರಲಿಲ್ಲ. ನನ್ನ ಇಂಗ್ಲಿಷಿಗೆ ಅವು ಕಷ್ಟ.

ಆ ಭಾನುವಾರ ಸಂಘದ ಸಮಿತಿ ಸೇರಿತ್ತು. ಆಕೆಯೂ ಬಂದಿದ್ದರು. ಮುಖಪುಟದ ವಿಷಯ ಬಂದಾಗ ನಾನು ಎದ್ದು ಹೇಳಿದೆ: "ಮೇಡಂ ಗ್ರೀಕ್‌ನಿಂದ ಮಾಡ್ತಿಲ್ಲ. ತಮಿಳು ನೋಡಿ ಮಾಡ್ತಿದಾರೆ. ಅದರಲ್ಲಿಲ್ಲದ ಕಡೆ ಖಾಲಿ ಬಿಡ್ತಾರೆ. ಬೇಕಾದ್ರೆ ಅವರ ಕಂದು ನೋಟ್‌ಬುಕ್ ತರಿಸಿ."

ಆಕೆ ನನ್ನನ್ನೇ ನೋಡಿದರು. "ತೆಗೆದು ನೋಡಿದ್ರಾ ಸಾರ್?"

ನಾನು ಕುರ್ಚಿಯಲ್ಲಿ ಕೂತೆ.

"ನಾನು ಓದಿದ್ದೆಲ್ಲ ತಮಿಳು ಸ್ಕೂಲು. ಗ್ರೀಕ್ ಓದಿದ್ರೆ ನನಗೆ ಮೊದ್ಲು ಬರೋದು ತಮಿಳು. ಅದ್ರಲ್ಲಿ ಬರ್ಕೊಂಡು ಆಮೇಲೆ ಕನ್ನಡ ಮಾಡ್ತೀನಿ. ನಿಮ್ಮ ಮುಂದೆ ನಾಚಿಕೆಯಾಗಿ ಮುಚ್ಚಿಟ್ಟೆ. ಅದು ತಪ್ಪಾ?"

ಹಿಂದಿನ ಸಾಲಿನಿಂದ ಯಾರೋ ಹೇಳಿದರು: "ಕನ್ನಡ ಪುಸ್ತಕಕ್ಕೆ ತಮಿಳು ಮನೆ ಹಿತ್ತಲಿಂದ ಯಾಕ್ ಬರ್ಬೇಕು ಮೇಡಂ? ಮುಂಬಾಗಿಲು ಇಲ್ವಾ?"

ಎಲ್ಲರೂ ನಕ್ಕರು. ಅಲ್ಲಿ ಸೇರಿದ್ದ ಹೆಚ್ಚಿನವರ ಮಕ್ಕಳು, ಮನೆಯಲ್ಲಿ ಕನ್ನಡದಲ್ಲಿ ಕರೆದರೆ ತಮಿಳಿನಲ್ಲಿ ಓಗೊಡುವವರು. ನನ್ನ ಮನೆಯಲ್ಲೂ ಹಾಗೇ. ನಮ್ಮ ನಾಚಿಕೆಯನ್ನೆಲ್ಲ ಆ ಹೊತ್ತು ಒಬ್ಬ ಹೆಂಗಸಿನ ತಲೆಗೆ ಕಟ್ಟಿದೆವು. ಕಾರ್ಯದರ್ಶಿ, ಯಾಕೆ ರಗಳೆ, ಹೆಸರಿನ ವಿಷಯ ಆಮೇಲೆ ನೋಡೋಣ ಎಂದರು. ಆಕೆ ನೀಲಿ ನೋಟ್‌ಬುಕ್ಕನ್ನು ಮೇಜಿನ ಮೇಲೆ ನನ್ನ ಕಡೆಗೆ ಸರಿಸಿ, ಚಪ್ಪಲಿ ಹಾಕಿಕೊಂಡು ಹೋದರು. ಮತ್ತೆ ಸಂಘಕ್ಕೆ ಬರಲಿಲ್ಲ.

ಆ ನೋಟ್‌ಬುಕ್ಕಿನ ಒಂದೊಂದು ಪದವನ್ನೂ ನಾನು ಬಳಸಿಕೊಂಡೆ. ಖಾಲಿ ಪುಟವನ್ನು ಮಾತ್ರ ನಾನೇ ತುಂಬಿದೆ. ಇಂಗ್ಲಿಷ್ ನೋಡಿದೆ, ಅದು ಒಣಗಿತ್ತು. ನನ್ನ ಅಣ್ಣ ಸತ್ತಾಗ ಅವ್ವ ಹೆಣದ ತಲೆ ಸವರುತ್ತ, ಅವನ ಒಂದೊಂದು ಗುಣವನ್ನೂ ಎತ್ತಾಡಿ ರಾಗವಾಗಿ ಅತ್ತಿದ್ದಳು. ಆ ಧಾಟಿಯಲ್ಲಿ ಬರೆದೆ. ವಾರ್ಷಿಕೋತ್ಸವದಲ್ಲಿ ಅದನ್ನು ಓದಿದಾಗ ಜನ ಕಣ್ಣೊರೆಸಿಕೊಂಡರು. ಗ್ರೀಕರ ತಾಯಿಯೂ ನಮ್ಮವಳ ಹಾಗೇ ಅಳುತ್ತಾಳಲ್ಲ ಎಂದು ಒಬ್ಬರು ನನ್ನ ಕೈ ಹಿಡಿದುಕೊಂಡರು. ಮುಖಪುಟದ ಮೇಲೆ ನನ್ನ ಹೆಸರೊಂದೇ ಬಂತು. ಆಮೇಲೆ ನೋಡೋಣ ಎಂದದ್ದನ್ನು ಯಾರೂ ನೋಡಲಿಲ್ಲ.

ಮರುವರ್ಷ ಓದುಗರೊಬ್ಬರು ಕಾಗದ ಬರೆದು, ಆ ಅಳುವಿನ ಸಾಲುಗಳು ಮೂಲದಲ್ಲಿ ಹೇಗಿವೆ ಎಂದು ಕೇಳಿದರು. ಉತ್ತರ ಬರೆಯಬೇಕಲ್ಲ ಎಂದು ಇಂಗ್ಲಿಷ್ ಪುಸ್ತಕದ ಟಿಪ್ಪಣಿಗಳನ್ನು ನಿಘಂಟು ಇಟ್ಟುಕೊಂಡು ಮೂರು ದಿನ ಓದಿದೆ. ಮೂಲದ ಹಾಳೆ ಇಲ್ಲಿ ನಷ್ಟವಾಗಿದೆ, ಈ ಸಾಲುಗಳು ಅನುವಾದಕನ ಕಲ್ಪನೆ ಎಂದು ಅಲ್ಲಿ ಸ್ಪಷ್ಟವಾಗಿ ಇತ್ತು.

ಅಂದರೆ ಇಲ್ಲದ್ದನ್ನು ಇಲ್ಲ ಎಂದವರು ಆಕೆ. ಇಲ್ಲದ್ದನ್ನು ಬರೆದು ಇದೆ ಎಂದು ಹಂಚಿದವನು ನಾನು.

ತಿಳಿಯದೆ ಆಯಿತು ಎಂದು ಹೇಳಿ ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಆ ಕಂದು ನೋಟ್‌ಬುಕ್ಕಿನ ಪುಟಗಳಲ್ಲಿ ಕಾಟುಗಳಿದ್ದವು. ಒಂದು ಪದ ಬರೆದು, ಹೊಡೆದು, ಮೇಲೆ ಇನ್ನೊಂದು, ಅದನ್ನೂ ಹೊಡೆದು ಪಕ್ಕದಲ್ಲಿ ಮತ್ತೊಂದು. ನಕಲು ಮಾಡುವವರು ಹಾಗೆ ಹೊಡೆಯುವುದಿಲ್ಲ. ಹುಡುಕುವವರು ಹೊಡೆಯುತ್ತಾರೆ. ಅದು ಅವತ್ತೇ ನನ್ನ ಕಣ್ಣಿಗೆ ಬಿದ್ದಿತ್ತು. ಎಲ್ಲರನ್ನೂ ಅನುಮಾನಿಸಿದ ನಾನು ನನ್ನ ಅನುಮಾನವನ್ನು ಒಮ್ಮೆಯೂ ಅನುಮಾನಿಸಲಿಲ್ಲ.

ಪುಸ್ತಕ ಎರಡನೆಯ ಸಲ ಅಚ್ಚಾಗುವಾಗ ಕಾರ್ಯದರ್ಶಿ ಫೋನ್ ಮಾಡಿ, "ಏನಾದ್ರೂ ತಿದ್ದೋದಿದೆಯಾ ಸಾರ್?" ಎಂದರು. ಟಿಪ್ಪಣಿ ಓದಿ ಆಗ ನಾಲ್ಕು ತಿಂಗಳಾಗಿತ್ತು. ಏನೂ ಇಲ್ಲ ಎಂದೆ.

ಈಗ ಮೂರನೆಯ ಮುದ್ರಣವಂತೆ. ಈ ಸಲ ಆ ಅಳುವನ್ನು ತೆಗೆದು ಪುಟ ಖಾಲಿ ಬಿಡಿ, ಆಕೆಯ ಹೆಸರನ್ನು ಮೊದಲು ಹಾಕಿ ಎಂದು ಬರೆದುಕೊಟ್ಟಿದ್ದೇನೆ.

"ಅಳು ಇಲ್ದಿದ್ರೆ ಪುಸ್ತಕದಲ್ಲಿ ಏನಿದೆ ಸಾರ್? ಜನ ಅದಕ್ಕೇ ತಗೊಳ್ಳೋದು. ಈ ವಯಸ್ಸಲ್ಲಿ ಯಾಕಿದೆಲ್ಲಾ?" ಎಂದರು ಕಾರ್ಯದರ್ಶಿ. ಒಪ್ಪಿದಂತೆ ಕಾಣಲಿಲ್ಲ. ಅದಕ್ಕೇ ಇದನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಇದರ ಮೇಲೂ ನನಗೆ ಪೂರ್ತಿ ನಂಬಿಕೆಯಿಲ್ಲ. ನೂರು ಜನರ ಮುಂದೆ ಬರೆದು ಒಪ್ಪಿಕೊಳ್ಳುವುದು, ಒಬ್ಬರ ಮನೆಯ ಬೆಲ್ ಒತ್ತುವುದಕ್ಕಿಂತ ಸುಲಭ ಎಂದೇ ಬರೆಯುತ್ತಿರಬಹುದು. ಆಕೆ ಇದ್ದಾರೆ, ಅದೇ ಮನೆಯಲ್ಲಿ. ಕಳೆದ ತಿಂಗಳು ಅದೇ ಬಸ್ಸಿನಲ್ಲಿ ಅವರ ಬೀದಿಯ ತನಕ ಹೋಗಿ, ಇಳಿಯದೆ ಮುಂದೆ ಹೋದೆ. ನಾನು ಯಾರ ಹೆಸರು ಕೆಡಿಸಿದೆನೋ ಅವರ ಮುಂದೆ ನಿಂತು, ತಪ್ಪಾಯಿತು ಎಂಬ ಒಂದು ಮಾತನ್ನು ಅಡ್ಯಾರಿನ ಲೈಬ್ರರಿ ಮೇಡಂಗೆ ನಾನು ಇಂದಿಗೂ ಹೇಳಿಲ್ಲ.