ಎಂಟನೇ ಮಗ್ಗದ ಜಾಗದಲ್ಲಿ ಟರ್ಬೋ

ಏರ್‌ಪೋರ್ಟ್ ಬಂದದ್ದು ದೇವನಹಳ್ಳಿಗೆ. ಬುದ್ಧಿ ಕೆಟ್ಟದ್ದು ಸುತ್ತಲಿನ ಊರುಗಳಿಗೆಲ್ಲ. ನಮ್ಮ ದೊಡ್ಡಬಳ್ಳಾಪುರದ ಹೊರಗೆ ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ಸಾಲಾಗಿ ಬೋರ್ಡುಗಳು ಎದ್ದು ನಿಂತವು: ‘ಏರ್‌ಪೋರ್ಟ್‌ಗೆ ಕೇವಲ ಹತ್ತು ನಿಮಿಷ’. ಬಸ್ಸಿನಲ್ಲಿ ಹೋದರೆ ಗಂಟೆಯ ದಾರಿ, ಅದೂ ಬಸ್ಸು ಬಂದರೆ. ಓದಿದವರೆಲ್ಲ ನಕ್ಕು ಮುಂದೆ ಹೋದರು. ನಾನೊಬ್ಬ ಮಾತ್ರ ಬೋರ್ಡಿನ ಮುಂದೆ ಬೈಕು ನಿಲ್ಲಿಸಿ, ಇದೇನೂ ಸುಳ್ಳಲ್ಲ, ಇದಕ್ಕೆ ತಕ್ಕ ಎಂಜಿನ್ನನ್ನು ಇನ್ನೂ ಯಾರೂ ಕಟ್ಟಿಲ್ಲ ಅಷ್ಟೇ ಅಂದುಕೊಂಡೆ. ಆಗ ನನಗೆ ಇಪ್ಪತ್ತೊಂಬತ್ತು ವರ್ಷ. ಮದುವೆಯಾಗಿ ಎರಡು ತಿಂಗಳು. ಎಂಜಿನ್ ಬಗ್ಗೆಯೂ ಹೆಂಡತಿಯ ಬಗ್ಗೆಯೂ ಎಲ್ಲ ಗೊತ್ತಿದೆ ಎಂಬ ಧೈರ್ಯ ಇದ್ದ ವಯಸ್ಸು.

ನಾವು ನೇಕಾರರು. ಮನೆಯ ಹಿಂದಿನ ಶೆಡ್ಡಿನಲ್ಲಿ ಎಂಟು ಪವರ್‌ಲೂಮ್ ಮಗ್ಗಗಳು ಬೆಳಗ್ಗೆ ಆರಕ್ಕೇ ಶುರುವಾಗುತ್ತಿದ್ದವು. ನೇಯಿಸುವುದು ಅಪ್ಪನ ಕೆಲಸ, ಕೆಟ್ಟ ಮಗ್ಗವನ್ನು ಸರಿಮಾಡುವುದು ನನ್ನದು. ನಮ್ಮ ಬೀದಿಯಲ್ಲಷ್ಟೇ ಅಲ್ಲ, ಹೊರಗಡೆಯ ಕಾರ್ಖಾನೆಗಳಿಂದಲೂ ನನಗೆ ಕರೆ ಬರುತ್ತಿತ್ತು. ಹಾಗೆ ಒಮ್ಮೆ ಹೊಸಕೋಟೆಯ ಪಿಲ್ಲಗುಂಪೆಗೆ ಹೋದಾಗ ಅಲ್ಲಿ, ಶೆಡ್ಡಿನ ಹಿಂದೆ ಹುಣಸೆಮರದ ಕೆಳಗೆ, ಎರಡು ಬಾಗಿಲಿನ ಹಳೇ ಜಪಾನಿ ಸ್ಪೋರ್ಟ್ಸ್ ಕಾರು ಕಂಡಿತು. ಮಾಲೀಕರ ಮಗ ಎಣ್ಣೆ ಹಾಕುವುದನ್ನು ಮರೆತು ಓಡಿಸಿ, ಎಂಜಿನ್ ಕಚ್ಚಿಕೊಂಡ ಮೇಲೆ ಅದನ್ನೂ ಮರೆತಿದ್ದ. ಡ್ರೈವರ್ ಸೀಟಿನಲ್ಲಿ ಒಂದು ಕೋಳಿ ಕಾವು ಕೂತಿತ್ತು. ನನ್ನ ಕೂಲಿಯ ಬದಲಿಗೆ ಕಾರನ್ನೇ ಕೊಡಿ ಅಂದೆ. ಕೋಳಿಯನ್ನು ಇಳಿಸಿ ಕಾರು ಕೊಟ್ಟರು.

ಕಾರು ನಿಲ್ಲಿಸಲು ಜಾಗ ಬೇಕಲ್ಲ? ಅಪ್ಪ ಒಂದು ಮದುವೆಗೆ ಹೋಗಿದ್ದ ದಿನ ಮೂಲೆಯ ಎಂಟನೇ ಮಗ್ಗವನ್ನು ಕಳಚಿ ಗೋಡೆಗೆ ಒರಗಿಸಿ, ಆ ಜಾಗಕ್ಕೆ ಕಾರನ್ನು ತಳ್ಳಿದೆ. ಸಂಜೆ ಬಂದ ಅಪ್ಪ ಶೆಡ್ಡಿನ ಬಾಗಿಲಲ್ಲೇ ನಿಂತುಬಿಟ್ಟರು.

“ಲೇ, ಅನ್ನ ಹಾಕೋ ಮಗ್ಗ ಎತ್ತಿ, ಈ ತಗಡು ತಂದ್ ನಿಲ್ಸಿದ್ದೀಯಲ್ಲೋ! ಯಾತಕ್ಕೋ ಇದು?”

“ಏರ್‌ಪೋರ್ಟ್‌ಗೆ ಹತ್ತು ನಿಮಿಷಕ್ಕೆ ಹೋಗೋ ಎಂಜಿನ್ ಕಟ್ತೀನಪ್ಪ. ಆಮೇಲೆ ಇಲ್ಲೇ ವರ್ಕ್‌ಶಾಪ್. ಜನ ಹುಡುಕ್ಕೊಂಡ್ ಬರ್ತಾರೆ ನೋಡು.”

“ಹತ್ತು ನಿಮಿಷ ಬೇಡ. ನನ್ನ ಕೂರಿಸ್ಕೊಂಡು ಏರ್‌ಪೋರ್ಟ್ ಗೇಟ್‌ಗಂಟ ಹೋಗಿ, ಅದೇ ಗಾಡೀಲಿ ವಾಪಸ್ ಕರ್ಕೊಂಡ್ ಬಾ. ಜಾಗ ನಿಂದು. ಆಗ್ಲಿಲ್ವೋ, ಎಂಟನೇ ಮಗ್ಗ ವಾಪಸ್. ನಿನ್ನ ಹೆಂಡ್ತಿ ನಡೆಸ್ತಾಳೆ.”

ನಾನು ಆಗಲಿ ಅಂದೆ. ಪಗಡೆ ಆಡುವವರಾದರೂ ಮೊದಲು ಹೊಲ, ಮನೆ, ಹಸು ಎಂದು ಒಂದೊಂದಾಗಿ ಸೋತು ಕೊನೆಗೆ ಹೆಂಡತಿಯನ್ನು ಪಣಕ್ಕೆ ಇಡುತ್ತಾರೆ. ನಾನು ಶುರುವಿನಲ್ಲೇ ಇಟ್ಟೆ. ಅವಳನ್ನು ಒಂದು ಮಾತು ಕೇಳಲೂ ಇಲ್ಲ.

ಅವಳು ಆವತಿಯವಳು. ನಮ್ಮ ಪೈಕಿಯೇ, ಆದರೆ ಎರಡು ತಲೆಮಾರಿನ ಹಿಂದೆ ಮಗ್ಗ ಬಿಟ್ಟು ದ್ರಾಕ್ಷಿ ಬೆಳೆಯುವ ಮನೆ. ನಮ್ಮ ಶೆಡ್ಡಿನೊಳಗೆ ಹೆಜ್ಜೆ ಇಟ್ಟರೆ ಎರಡೂ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಹೊಸ ಹುಡುಗಿ, ಅಭ್ಯಾಸವಾಗುತ್ತದೆ ಎಂದು ಮನೆಯವರೆಲ್ಲ ನಗುತ್ತಿದ್ದೆವು.

ಟರ್ಬೋ ಎಂದರೆ ಏನು ಎಂದು ಬೀದಿಯವರೆಲ್ಲ ಕೇಳಿದರು. ಎಂಜಿನ್ ಬಿಡುವ ಹೊಗೆಯ ರಭಸಕ್ಕೇ ಒಂದು ಪುಟ್ಟ ಚಕ್ರ ತಿರುಗಿ, ಆ ಚಕ್ರ ಇನ್ನಷ್ಟು ಗಾಳಿಯನ್ನು ಎಂಜಿನ್ನಿನ ಬಾಯಿಗೆ ತುರುಕುತ್ತದೆ; ತುರುಕಿದಷ್ಟೂ ಶಕ್ತಿ, ಶಕ್ತಿ ಹೆಚ್ಚಿದಷ್ಟೂ ಹೊಗೆ ಎಂದು ವಿವರಿಸಿದೆ. “ಓ, ಬೀಗರ ಊಟದ ಥರ,” ಅಂದರು ಒಬ್ಬರು. ತುರುಕಿದ್ದು ಜಾಸ್ತಿಯಾದರೆ ಹೊಟ್ಟೆ ಒಡೆಯುತ್ತದೆ ಎನ್ನುವುದನ್ನು ನಾನೂ ಹೇಳಲಿಲ್ಲ, ಅವರೂ ಕೇಳಲಿಲ್ಲ.

ಅದನ್ನು ಕಟ್ಟಲು ಎರಡು ವರ್ಷ ಹಿಡಿಯಿತು. ಈ ಎರಡು ವರ್ಷದಲ್ಲಿ ನಾನು ತೆತ್ತದ್ದರಲ್ಲಿ ದುಡ್ಡೇ ಅಗ್ಗದ್ದು. ಎಡಗೈ ಹೆಬ್ಬೆರಳಿನ ಉಗುರು ಹೋಯಿತು. ಮಾವನವರ ಕಡೆಯ ಎರಡು ಗೃಹಪ್ರವೇಶ, ಒಂದು ನಾಮಕರಣ ತಪ್ಪಿದವು. ಗಟ್ಟಿ ಪಿಸ್ಟನ್ ಹೊರದೇಶದಿಂದ ಬರಬೇಕು ಎಂದು ಆರು ತಿಂಗಳು ಕೊರಿಯರ್ ಅಂಗಡಿಯವನ ಜೊತೆ ಸಂಸಾರ ಮಾಡಿದೆ. ಆಯುಧಪೂಜೆಯ ದಿನ ಅಪ್ಪ ಏಳು ಮಗ್ಗಕ್ಕೂ ಕುಂಬಳಕಾಯಿ ಒಡೆದು, ನೂಲು ಸುತ್ತುವ ಯಂತ್ರಕ್ಕೂ ಸೈಕಲ್ಲಿಗೂ ಕುಂಕುಮ ಇಟ್ಟು, ನನ್ನ ಎಂಜಿನ್ನಿನ ಮುಂದೆ ಬಂದಾಗ ತಟ್ಟೆಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ಮುಂದೆ ಹೋದರು. ಅದರ ಪಕ್ಕದಲ್ಲೇ ಇದ್ದ ಪೊರಕೆಗೆ ಕುಂಕುಮ ಸಿಕ್ಕಿತು.

ಕೊನೆಗೂ ಎಂಜಿನ್ ಉಸಿರಾಡಿತು. ನಾನು ಅದನ್ನು ಮಗ್ಗದವರ ರೀತಿಯಲ್ಲೇ ಹದಕ್ಕೆ ತಂದೆ. ಮಗ್ಗ ಸರಿಯಾಗಿ ನಡೆಯುತ್ತಿದೆಯೇ ಎಂದು ನಾವು ಕಿವಿಗೊಟ್ಟು ಕೇಳುವುದಿಲ್ಲ. ಅದರ ಮೈಮೇಲೆ ಅಂಗೈ ಇಟ್ಟು ನೋಡುತ್ತೇವೆ. ಎಂಜಿನ್ನಿನ ಮೇಲೂ ಅಂಗೈ ಇಟ್ಟೆ. ಬೆಣ್ಣೆಯ ಹಾಗಿತ್ತು. ಡ್ಯಾಶ್‌ಬೋರ್ಡಿನಲ್ಲಿ ಒಂದು ಎಚ್ಚರಿಕೆಯ ದೀಪ ಆಗಾಗ ಮಿನುಗುತ್ತಿತ್ತು. ಮಗ್ಗದಲ್ಲೂ ಎಳೆ ಕಡಿದರೆ ತಾನೇ ನಿಲ್ಲಿಸುವ ಒಂದು ಕಡ್ಡಿ ಇರುತ್ತದೆ. ಕೆಲಸಕ್ಕೆ ಅಡ್ಡಿ ಎಂದು ನಮ್ಮ ಬೀದಿಯಲ್ಲಿ ಎಲ್ಲರೂ ಅದಕ್ಕೆ ದಾರ ಸುತ್ತಿ ಕಟ್ಟಿಹಾಕುತ್ತಾರೆ. ಅದೇ ಜಾಣತನದಲ್ಲಿ ನಾನು ದೀಪದ ವೈರು ಕಿತ್ತೆ.

ಮೊದಲ ಸವಾರಿ ಆವತಿಗೆ, ಹೆಂಡತಿಯ ಜೊತೆ. ದೇವನಹಳ್ಳಿ ದಾಟಿ ಕಾಲು ಒತ್ತಿದೆ. ಟರ್ಬೋ ಗಾಳಿ ಎಳೆದುಕೊಂಡಿತು. ಬೆನ್ನು ಸೀಟಿಗೆ ಅಂಟಿತು. ಎರಡು ವರ್ಷದಲ್ಲಿ ಅಷ್ಟು ಸಂತೋಷ ನನಗೆ ಯಾವುದರಿಂದಲೂ ಆಗಿರಲಿಲ್ಲ. ಆಗ ಅವಳು ಏನೋ ಅಂದಳು. ನಮ್ಮ ಮನೆಯಲ್ಲಿ ಯಾರಿಗೂ ಒಂದು ಸಲಕ್ಕೆ ಮಾತು ಮುಟ್ಟುವುದಿಲ್ಲವಾದ್ದರಿಂದ ಅವಳು ಎರಡನೆಯ ಸಲ ಕೂಗಿದಳು.

“ರೀ, ಒಳಗೆ ಒಗ್ಗರಣೆಗೆ ಸಾಸಿವೆ ಸಿಡಿದಂಗೆ ಚಟಚಟ ಅಂತಿದೆ!”

“ಅದು ಟರ್ಬೋ ಸೌಂಡು ಕಣೇ.”

“ಟರ್ಬೋ ಶಿಳ್ಳೆ ಹಾಕ್ತಿದೆ. ಅದಲ್ಲ ರೀ. ಇದು ಬೇರೆ. ನೀವು ಕಾಲು ಒತ್ತಿದಾಗಷ್ಟೇ ಬರತ್ತೆ.”

ನನಗೆ ಏನೂ ಕೇಳಿಸಲಿಲ್ಲ. ಕಿವಿ ಚುರುಕು ಮಾಡಿದೆ, ಕಾಲು ಒತ್ತಿದೆ, ಬಿಟ್ಟೆ. ಏನೂ ಇಲ್ಲ. ಆದರೂ ನಾನು ನ್ಯಾಯವಂತ. ಊರಿಗೆ ಬಂದು ಬೀದಿಯ ಆರು ಜನ ಹಿರಿಯರನ್ನು, ಮೂವತ್ತು ನಲವತ್ತು ವರ್ಷ ಮಗ್ಗದಲ್ಲಿ ಪಳಗಿದವರನ್ನು, ಒಬ್ಬೊಬ್ಬರಾಗಿ ಪಕ್ಕದಲ್ಲಿ ಕೂರಿಸಿಕೊಂಡು ಬೈಪಾಸಿನಲ್ಲಿ ಓಡಿಸಿದೆ. ಚಟಚಟ ಕೇಳಿಸುತ್ತಾ ಎಂದು ಕೇಳಿದೆ. ಆರೂ ಜನ ಕಣ್ಣು ಮುಚ್ಚಿ, ತಲೆ ವಾಲಿಸಿ, ಸಂಗೀತ ಕಚೇರಿಯಲ್ಲಿ ಕೂತವರಂತೆ ಕೇಳಿದರು. ಆರೂ ಜನರ ತೀರ್ಪು ಒಂದೇ: “ನೀರು ಹರಿದಂಗಿದೆ ಗುರು.” ಆರು ಜನ ಹಿರಿಯರ ಸಾಕ್ಷಿ ಒಂದು ಕಡೆ, ದ್ರಾಕ್ಷಿ ತೋಟದ ಹುಡುಗಿಯ ಸಾಕ್ಷಿ ಒಂದು ಕಡೆ. ಅವಳಿಗೆ ಎಂಜಿನ್ ಬಗ್ಗೆ ಏನು ಗೊತ್ತು ಎಂದು ಅವಳೆದುರೇ ಹೇಳಿದೆ.

ಪಂದ್ಯದ ದಿನ ಅಪ್ಪ ಇಸ್ತ್ರಿ ಮಾಡಿದ ಪಂಚೆ, ಬಿಳಿ ಅಂಗಿ ಹಾಕಿಕೊಂಡು ಮುಂದೆ ಕೂತರು. ಹಿಂದೆ ಸೀಟು ಎಂದು ಹೇಳಿಕೊಳ್ಳುವ ಇಕ್ಕಟ್ಟಿನಲ್ಲಿ ಹೆಂಡತಿ ಮೊಣಕಾಲು ಮಡಚಿಕೊಂಡು ಕೂತಳು. ದೇವನಹಳ್ಳಿಯವರೆಗೂ ಮೆಲ್ಲಗೆ ಹೋದೆ. ಏರ್‌ಪೋರ್ಟಿನ ಅಗಲ ರಸ್ತೆ ಸಿಕ್ಕಿತು. ಸೈಟು ಮಾರಿದವರ ದೊಡ್ಡ ದೊಡ್ಡ ಗಾಡಿಗಳು ಹಿಂದೆ ಬಿದ್ದವು. ಅಪ್ಪ ಬಾಗಿಲ ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದರೂ ಮುಖದಲ್ಲಿ ನಗು ಒಡೆಯುತ್ತಿತ್ತು. ಜೀವಮಾನದಲ್ಲಿ ಮೊದಲ ಬಾರಿಗೆ ಅವರಿಗೆ ನನ್ನ ಕೆಲಸ ಹಿಡಿಸಿತ್ತು. ಹಿಂದಿನಿಂದ ಹೆಂಡತಿ ನನ್ನ ಭುಜ ತಟ್ಟಿದಳು. “ಜಾಸ್ತಿ ಆಯ್ತು ರೀ, ಕಾಲು ತೆಗೀರಿ!” ಎಂದು ಕೂಗಿದಳು. ಅಪ್ಪ ನಗುತ್ತಿದ್ದಾರೆ, ಇವಳು ಭುಜ ತಟ್ಟುತ್ತಾಳೆ. ನಾನು ಅಪ್ಪನ ಕಡೆಯವನಾದೆ. ಕಾಲು ಇನ್ನೂ ಒತ್ತಿದೆ.

ಢಬ್ ಎಂಬ ಸದ್ದು ಮಾತ್ರ ನಮ್ಮ ಮೂವರಿಗೂ ಕೇಳಿಸಿತು.

ಏರ್‌ಪೋರ್ಟ್ ಗೇಟು ಕಣ್ಣಿಗೆ ಕಾಣುತ್ತಿತ್ತು. ನಾವು ರಸ್ತೆಬದಿಯ ಹೊಗೆಯಲ್ಲಿ ನಿಂತಿದ್ದೆವು. ಸೂಟ್‌ಕೇಸಿನವರು ಟ್ಯಾಕ್ಸಿಯ ಕಿಟಕಿಯಿಂದ ನಮ್ಮ ಫೋಟೋ ತೆಗೆದುಕೊಂಡು ಹೋದರು. ಅಪ್ಪ ಅಂಗಿಯ ಮೇಲೆ ಬಿದ್ದ ಎಣ್ಣೆಯ ಹನಿಯನ್ನು ಬೆರಳಿನಿಂದ ಉಜ್ಜಿ ಹೇಳಿದರು: “ಇನ್ನ ಮಗ್ಗ ಜೋಡ್ಸು.” ಬಸ್ಸಿನಲ್ಲಿ ಮೂವರೂ ಬೇರೆಬೇರೆ ಸೀಟಿನಲ್ಲಿ ಕೂತು ಊರಿಗೆ ಬಂದೆವು.

ಕಾರನ್ನು ಎಳೆಸಿಕೊಂಡು ತಂದು ಎಂಜಿನ್ ಬಿಚ್ಚಿದೆ. ಮೂರನೇ ಪಿಸ್ಟನ್ನಿನ ತಲೆಯಲ್ಲಿ ಬೆರಳು ತೂರುವಷ್ಟು ತೂತು, ಅಂಚು ಕರಗಿ ಮೇಣದಂತೆ ಇಳಿದಿತ್ತು. ಅದನ್ನು ಚೀಲದಲ್ಲಿ ಹಾಕಿಕೊಂಡು ನೆಲಮಂಗಲಕ್ಕೆ, ಲಾರಿ ಎಂಜಿನ್ ಬೋರಿಂಗ್ ಮಾಡುವ ಪರಿಚಯದ ಮೇಸ್ತ್ರಿಯ ಹತ್ತಿರ ಹೋದೆ. ಅವರು ನೋಡಿದ ತಕ್ಷಣ ಕೇಳಿದರು: “ಎಷ್ಟ್ ದಿವಸದಿಂದ ನಾಕಿಂಗ್ ಹೊಡೀತಿತ್ತಪ್ಪಾ ಇದು? ಪೆಟ್ರೋಲು ಹೊತ್ತಿಗೆ ಮುಂಚೆ ಉರಿದು ಒಳಗೇ ಬಡೀತಿರತ್ತೆ. ಚಟಚಟಾಂತ ಕೂಗಿ ಹೇಳತ್ತಲ್ಲ? ನಿಂಗ್ ಕಿವಿ ಇಲ್ವಾ?”

ಅವರು ಬೈಗುಳವಾಗಿ ಕೇಳಿದರು. ನನಗೆ ಅದು ಪ್ರಶ್ನೆಯಾಗಿ ತಾಗಿತು. ಬೆಂಗಳೂರಿನ ಒಂದು ಆಸ್ಪತ್ರೆಗೆ ಹೋದೆ. ಗಾಜಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಿ ಅಂದರು. ತುಂಬಾ ಹೊತ್ತು ಏನೂ ಕೇಳಿಸದಿದ್ದಾಗ ಮರ್ಯಾದೆಗೆ ಆಗಾಗ ಒತ್ತಿದೆ. ಹೊರಗೆ ಕೂತಿದ್ದ ಡಾಕ್ಟರಮ್ಮ ಅದನ್ನೂ ಕಂಡುಹಿಡಿದರು. ಕಾಗದದ ಮೇಲಿನ ಗೆರೆ ಅರ್ಧದವರೆಗೆ ನೆಟ್ಟಗಿದ್ದು ಆಮೇಲೆ ಬಾವಿಗೆ ಬಿದ್ದಿತ್ತು. ಸಣ್ಣ, ಚೂಪಾದ ಸದ್ದುಗಳು ನನಗೆ ಹೋಗಿ ಎಷ್ಟೋ ವರ್ಷವಾಗಿದೆ, ಮಗ್ಗದ ಸದ್ದಿಗೆ ಹೋದದ್ದು, ಮರಳಿ ಬರುವುದಿಲ್ಲ ಅಂದರು. ಮಗ್ಗದ ಹತ್ತಿರ ಇನ್ಯಾರು ಕೆಲಸ ಮಾಡುತ್ತಾರೆ ಎಂದು ಕೇಳಿದರು. ಎಲ್ಲರೂ ಅಂದೆ. ಇನ್ನು ಮುಂದೆ ನನ್ನ ಹೆಂಡತಿಯೂ ಎನ್ನಲು ಬಾಯಿ ಬರಲಿಲ್ಲ. ಪಂದ್ಯಕ್ಕೆ ನಾನು ಒಡ್ಡಿದ್ದು ಏನನ್ನು ಎಂದು ನನಗೆ ಆಗ ಗೊತ್ತಾಯಿತು. ನಾಚಿಕೆಯಾಯಿತು.

ಮಾತು ಮಾತೇ. ಎಂಟನೇ ಮಗ್ಗವನ್ನು ಹಳೇ ಜಾಗಕ್ಕೆ ನಾನೇ ಜೋಡಿಸಿದೆ. ಮರುದಿನ ಬೆಳಗ್ಗೆ ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಶೆಡ್ಡಿಗೆ ಬಂದಳು. ಈ ಸಲ ಕಿವಿ ಮುಚ್ಚಿಕೊಳ್ಳಲಿಲ್ಲ. ಏಳು ಮಗ್ಗಗಳು ಆಗಲೇ ಬಡಿಯುತ್ತಿದ್ದವು. ನಾನು ಆಸ್ಪತ್ರೆಯ ಕಾಗದವನ್ನು ಅಪ್ಪನ ಕೈಗೆ ಕೊಟ್ಟು, ಅವರ ಕಿವಿಯ ಬಳಿ ಬಾಯಿಟ್ಟು, ನನಗಾದದ್ದು ಏನು, ಇವಳಿಗೆ ಆಗುವುದೇನು ಎಂದು ಕೂಗಿದೆ. ಅವರು ಕಾಗದ ನೋಡಿದರು, ನನ್ನನ್ನು ನೋಡಿದರು. ಆಮೇಲೆ ಗೋಡೆಯ ಬಳಿಗೆ ಹೋಗಿ ಮೈನ್ ಸ್ವಿಚ್ ಇಳಿಸಿದರು. ಕರೆಂಟು ಇರುವಾಗ ಅಪ್ಪ ಮಗ್ಗ ನಿಲ್ಲಿಸಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

“ಏನಮ್ಮಾ,” ಎಂದು ಅವಳನ್ನು ಕೇಳಿದರು, “ನಾನ್ ಮಾತಾಡೋದು ಜೋರಾಗಿದ್ಯಾ?”

ಅವಳು ನನ್ನ ಕಡೆ ನೋಡಿದಳು. ಆಮೇಲೆ ನಮ್ಮಿಬ್ಬರಿಗೂ ಕೇಳುವಂತೆ ಒಂದೊಂದೇ ಮಾತಾಗಿ ಹೇಳಿದಳು: “ಮದ್ವೆಯಾಗಿ ಬಂದಾಗ್ಲಿಂದ್ಲೂ ನೀವು ನನ್ನ ಬೈತಾ ಇದ್ದೀರಿ ಅಂದ್ಕೊಂಡಿದ್ದೆ ಮಾವ.”

ಅಪ್ಪ ಕಾಗದವನ್ನು ನಾಲ್ಕಾಗಿ ಮಡಚಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡರು. ಅವಳ ಹತ್ತಿರ ಹೋಗಿ ಏನೋ ಹೇಳಿದರು. ತುಟಿ ಅಲ್ಲಾಡಿದ್ದು ನನಗೆ ಕಂಡಿತು, ಮಾತು ಕೇಳಿಸಲಿಲ್ಲ. ಅವಳ ಕಣ್ಣು ತುಂಬಿತು. ಸೊಂಟದ ಸೆರಗು ಬಿಚ್ಚಿಕೊಂಡು ಹೊರಗೆ ಹೋದಳು. ನಾನು ಹಿಂದೆಯೇ ಓಡಿ, ಅಪ್ಪ ಏನಂದರು ಎಂದು ಕೇಳಿದೆ.

“ಹೋಗಮ್ಮಾ, ಮಗ್ಗದ್ ಹತ್ರ ಬರ್ಬೇಡ ಅಂದ್ರು,” ಎಂದಳು. “ಎಷ್ಟು ಮೆಲ್ಲಗೆ ಹೇಳಿದ್ರು ಗೊತ್ತಾ?”