ಅಡುಗೆ ನೇವಿ

ನನ್ನ ಮದುವೆಯ ಹೊತ್ತಿಗೆ ಅಪ್ಪ ನಮ್ಮೂರು ಬಾಯಾರಿನಲ್ಲೆಲ್ಲ ಅಳಿಯ ನೇವಿಯಲ್ಲಿದ್ದಾನೆ ಎಂದು ಹೇಳಿಕೊಂಡು ಬಂದಿದ್ದರು. ಹುಡುಗನ ಕಡೆಯವರು ಹೇಳಿದ್ದು ಮರ್ಚೆಂಟ್ ನೇವಿ. ಉದ್ದವಾಯಿತೆಂದು ಅಪ್ಪ ಮೊದಲ ಶಬ್ದ ಬಿಟ್ಟುಬಿಟ್ಟರು. ಹಾಗಾಗಿ ತೈಲದ ಹಡಗಿನಲ್ಲಿ ಅನ್ನ, ಸಾರು, ಚಪಾತಿ ಮಾಡುತ್ತಿದ್ದ ನನ್ನ ಗಂಡ ತವರೂರಿನವರ ಲೆಕ್ಕದಲ್ಲಿ ದೇಶ ಕಾಯುತ್ತಿದ್ದರು.

ಉದುಮದಲ್ಲಿರುವ ಗಂಡನ ಮನೆಯ ಸುತ್ತ ಇಂಥ ಗೊಂದಲ ಇಲ್ಲ. ಇಲ್ಲಿ ಬೇಲಿ ದಾಟಿದರೆ ಒಬ್ಬರಾದರೂ ಹಡಗಿನವರು ಸಿಗುತ್ತಾರೆ. ನಮ್ಮವರು ಊರಿಗೆ ಬಂದರೆ ಅಡುಗೆಮನೆಗೆ ಕಾಲಿಡುತ್ತಿರಲಿಲ್ಲ. ಕುಡಿಯುವ ನೀರಿಗೂ ನನ್ನನ್ನೇ ಕರೆಯುತ್ತಿದ್ದರು. "ರಜೆಯಲ್ಲಿ ಡ್ಯೂಟಿ ಮಾಡ್ಲಿಕ್ಕುಂಟಾ?" ಎಂಬುದು ಅವರ ವಾದ. ನನಗೆ ರಜೆ ಯಾವಾಗ ಎಂದು ಕೇಳಿದರೆ ಪೇಪರ್ ಬಿಡಿಸುತ್ತಿದ್ದರು.

2019ರ ಮಳೆಗಾಲ. ಹೊರ್ಮುಜ್ ಜಲಸಂಧಿಯ ಹತ್ತಿರ ತೈಲದ ಹಡಗುಗಳಿಗೆ ಬೆಂಕಿ ಬಿತ್ತು. ಇರಾನಿಗೂ ಅಮೆರಿಕಕ್ಕೂ ಯುದ್ಧ ಇವತ್ತೋ ನಾಳೆಯೋ ಎಂದು ಟಿವಿಯಲ್ಲಿ ಬೊಬ್ಬೆ. ನಮ್ಮ ದೇಶದ ಹಡಗುಗಳ ಕಾವಲಿಗೆ ನೌಕಾಪಡೆ ಹೊರಟಿತು ಎಂಬ ಸುದ್ದಿ ನೋಡಿ ಅಪ್ಪ ಫೋನ್ ಮಾಡಿದರು.

"ಎಂತ ಮಗಳೇ, ನೇವಿಯವರನ್ನು ಕಾಯ್ಲಿಕ್ಕೆ ಪುನಃ ನೇವಿಯವರಾ?"

"ಹೌದಪ್ಪ. ನಮ್ಮದು ಅಡುಗೆ ನೇವಿ."

ಅಪ್ಪ ಟಿವಿಯ ಸದ್ದು ತಗ್ಗಿಸಿದರು. "ಹಾಗಾದ್ರೆ ಅವನ ಕೈಯಲ್ಲಿ ಕೋವಿ ಇಲ್ವಾ?" ಎಂದರು. ಸೌಟು ಉಂಟು ಎಂದೆ. ತಮಾಷೆಗೆ ಹೇಳಿದ್ದಲ್ಲ. ನನಗೂ ಹೆದರಿಕೆ ಇತ್ತು.

ನಮ್ಮವರ ಹಡಗು ಆಗ ಜಲಸಂಧಿಗೆ ಈಚೆ, ಫುಜೈರಾ ಬಂದರಿನ ಹೊರಗೆ ಲಂಗರು ಹಾಕಿ ನಿಂತಿತ್ತು. ಜಲಸಂಧಿ ದಾಟಲು ಮನಸ್ಸಿಲ್ಲದವರು ಇಲ್ಲೇ ಇಳಿಯಬಹುದು, ಊರಿಗೆ ಕಳಿಸುತ್ತೇವೆ ಎಂದು ಕ್ಯಾಪ್ಟನ್ ಹೇಳಿದ್ದರಂತೆ. ಸಂಜೆ ನಮ್ಮವರೇ ವಾಟ್ಸಾಪಿನಲ್ಲಿ ಕರೆ ಮಾಡಿ ಇದನ್ನು ತಿಳಿಸಿದರು.

"ಇಳಿಯಿರಿ ಮಾರಾಯ್ರೆ," ಎಂದೆ.

"ನಾನು ಇಳಿದ್ರೆ ಇವರಿಗೆಲ್ಲ ಅನ್ನ ಹಾಕುವುದು ಯಾರು?"

ನನಗೆ ಪಿತ್ತ ನೆತ್ತಿಗೇರಿತು. "ನನಗೆ ಒಂದು ದಿನ ಅನ್ನ ಹಾಕಿದ್ದುಂಟಾ ನೀವು? ಹೋಗ್ಲಿ, ಒಂದು ಚಾ?"

ಆ ಕಡೆ ಏನೋ ಚುರುಗುಟ್ಟುವ ಸದ್ದು. "ನೀರುಳ್ಳಿ ಕರಟಿ ಹೋಗ್ತದೆ ಮಾರಾಯ್ತಿ, ಇಡ್ತೇನೆ," ಎಂದು ಇಟ್ಟೇಬಿಟ್ಟರು.

ಹಡಗು ಹೊರಟು ಜಲಸಂಧಿ ದಾಟುವವರೆಗೆ ಎರಡು ದಿನ ಫೋನ್ ಬಂದ್. ಅಷ್ಟೂ ಹೊತ್ತು ನಾನು ಕಡಲಿಗೂ ಬೈದೆ, ಅವರಿಗೂ ಬೈದೆ. ಟಿವಿಯವರು ಉರಿಯುವ ಅದೇ ಹಡಗನ್ನು ಮತ್ತೆ ಮತ್ತೆ ತೋರಿಸುತ್ತಿದ್ದರು. ಅದರ ಅಡುಗೆಮನೆ ಯಾವ ಬದಿಯಲ್ಲಿರಬಹುದು ಎಂದು ಹುಡುಕುತ್ತಾ ಕೂತಿರುತ್ತಿದ್ದೆ. ಕೊನೆಗೊಂದು ಮೆಸೇಜ್ ಬಂತು: "ದಾಟಿದೆವು. ಇವತ್ತು ಬಿರಿಯಾನಿ." ಅದನ್ನು ಓದಿ ಜೋರಾಗಿ ಅತ್ತೆ.

ಕರಾರು ಮುಗಿಸಿ ಅವರು ಮನೆಗೆ ಬಂದರು. ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಕೇಳಿ ಹೋಗಿ ನೋಡಿದೆ. ನೆಂಟರು ತುಂಬಿದಾಗ ಮಾತ್ರ ಅಟ್ಟದಿಂದ ಇಳಿಸುವ ದೊಡ್ಡ ಪಾತ್ರೆ ಒಲೆಯ ಮೇಲಿತ್ತು. ಅವರು ಅಕ್ಕಿ ಡಬ್ಬಿಯ ಮುಚ್ಚಳ ತೆರೆದು ಸುಮ್ಮನೆ ನಿಂತಿದ್ದರು.

"ಎಂತ ಮಾಡ್ತಿದ್ದೀರಿ?"

"ಅನ್ನ. ನಮಗಿಬ್ಬರಿಗೆ ಅಕ್ಕಿ ಎಷ್ಟು ಹಾಕ್ಬೇಕು?"

ಬಾಯಿಗೆ ಬಂದ ಬೈಗುಳ ಅಲ್ಲೇ ನಿಂತಿತು. ಇಡೀ ಹಡಗಿಗೆ ಅಳತೆ ತಪ್ಪದ ಮನುಷ್ಯನಿಗೆ ಇದು ಗೊತ್ತಿರಲಿಲ್ಲ. ಡಬ್ಬಿಯೊಳಗಿನ ಅಳತೆಯ ಲೋಟ ತೋರಿಸಿ ಒಂದೂವರೆ ಕುಡ್ತೆ ಎಂದೆ.

"ಅಷ್ಟೇಯಾ?"

"ಅಷ್ಟೇ. ನಾನೊಬ್ಬಳೇ ಇರುವಾಗ ಅರ್ಧ ಕುಡ್ತೆ ಹಾಕಿದ್ರೂ ಉಳಿಯುತ್ತದೆ."

ಅವರು ದೊಡ್ಡ ಪಾತ್ರೆಯನ್ನು ಕೆಳಗಿಳಿಸಿ, ಚಿಕ್ಕದು ಎಲ್ಲಿದೆ ಎಂದು ಕೇಳಿದರು.