ಹತ್ತು ನಂಬರಿನ ಪಾನಾ

ನಮ್ಮ ಅಡಿಗಿಮನಿ ಗ್ವಾಡಿ ಮ್ಯಾಲೆ ಸೌಟು, ಲಟ್ಟಣಿಗಿ, ಇಕ್ಕಳ ಎಲ್ಲದರದ್ದೂ ಆಕಾರ ಕೆಂಪು ಬಣ್ಣದಾಗ ಬರದಾರ. ಬೀಗರಾಕಿ ಒಬ್ಬಾಕಿ ಯಾವುದೋ ದೇವರಿರಬೇಕು ಅಂತ ಕೈ ಮುಗದು ಹೋದಳು. ಅದು ನನ್ನ ಗಂಡನ ಕೆಲಸ. ಯಾವ ಸಾಮಾನು ಎಲ್ಲಿ ತೂಗು ಹಾಕಬೇಕೋ ಅಲ್ಲಿ ಅದರ ಆಕಾರ. ಮದುವಿಗೆ ಅಂತ ರೇಷ್ಮಿ ಸೀರಿ ಉಟ್ಟು ನಿಂತಾಗ ಒಂದು ಆಕಾರ ಖಾಲಿ ಕಂಡ್ರ ಮುಗೀತು. ಬಸ್ ಹೋದ್ರ ಹೋಗ್ಲಿ, ಸೌಟು ಸಿಗೋತನಕ ಹೊಸ್ತಿಲು ದಾಟಂಗಿಲ್ಲ.

ನಾನು ನೀಲಗಂಗಮ್ಮ, ಕೊಟ್ಟೂರಾಕಿ. ಗಂಡನ ಹೆಸರು ನಾಗಪ್ಪ. ಗಂಡನ ಹೆಸರು ಹೇಳಬಾರದು ಅಂತಾರ, ಆದ್ರ ಇಪ್ಪತ್ತೊಂಬತ್ತು ವರ್ಷ ಸೌಟು ಎಣಿಸಿದಾಕಿಗೆ ಅಷ್ಟು ಹಕ್ಕು ಐತಿ. ಅವರು ಏರ್‌ಫೋರ್ಸಿನಾಗ ಇಪ್ಪತ್ತು ವರ್ಷ ಮಿಗ್-21 ಯುದ್ಧವಿಮಾನ ರಿಪೇರಿ ಮಾಡಿ ಬಂದವರು. ಈಗ ಬಸ್‌ಸ್ಟ್ಯಾಂಡ್ ಹತ್ರ ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಅಂಗಡಿ. ಕೋಗಳಿಯಿಂದ, ಚಿಗಟೇರಿಯಿಂದ ಸುಟ್ಟ ಮೋಟಾರ್ ತಂದವರು "ಪೈಲಟ್ರ, ಸ್ವಲ್ಪ ನೋಡ್ರಿ" ಅಂತಾರ. ಪೈಲಟ್ ಅಂತ ಪೈಲಟ್. ವಿಮಾನದಾಗ ಕುಂತು ಒಂದು ಗೇಣು ಮ್ಯಾಲೆ ಹೋದವರಲ್ಲ. ರಜಕ್ಕ ಬರತಿದ್ದದ್ದೂ ರೈಲಿನಾಗ, ಬಾಗಿಲ ಹತ್ರ ಟ್ರಂಕಿನ ಮ್ಯಾಲೆ ಕುಂತು.

ಆ ಹೆಸರು ಹುಟ್ಟಿಸಿದಾಕಿ ನಾನು. ಮದುವಿ ಆದ ಹೊಸದಾಗ ಹಿಟ್ಟಿನ ಗಿರಣ್ಯಾಗ ಮರುಳಸಿದ್ದಮ್ಮ ಅಂತ ನಮ್ಮ ಓಣ್ಯಾಕಿ, "ನಮ್ಮ ಅಳಿಯ ರೈಲು ಬಿಡ್ತಾನವ್ವಾ, ನಿನ್ನ ಗಂಡ ಏನು ಮಾಡ್ತಾನ?" ಅಂದಳು. ಆಕಿ ಕೇಳಿದ ಧಾಟಿ ಹಂಗಿತ್ತು. "ವಿಮಾನ ಬಿಡ್ತಾರ" ಅಂದುಬಿಟ್ಟೆ. ಜೋಳ ಬೀಸೋದರೊಳಗ ಸುದ್ದಿ ಊರು ದಾಟಿತ್ತು. ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು.

ರಜಕ್ಕ ಬಂದಾಗ ಇವರು "ನಾನು ಪೈಲಟ್ ಅಲ್ರಿ" ಅಂದ್ರು. ಮಿಲ್ಟ್ರಿಯವರು ಗುಟ್ಟು ಬಿಟ್ಟುಕೊಡಂಗಿಲ್ಲ ಅಂತ ಮಂದಿ ಇನ್ನೂ ಮ್ಯಾಲೆ ಏರಿಸಿದ್ರು. ಹೇಳಿ ಹೇಳಿ ಸಾಕಾಗಿ ಸುಮ್ಮನಾದ್ರು. ಯಾರು ಹಬ್ಬಿಸಿದ್ರು ಅಂತ ಮಾತ್ರ ಹುಡುಕೋದು ಬಿಡಲಿಲ್ಲ. ನಮ್ಮ ತಮ್ಮನ ಮ್ಯಾಲೆ ಅನುಮಾನ ಇಟ್ಟು ಎರಡು ವರ್ಷ ಅವನ ಜೊತಿ ಮಾತು ಬಿಟ್ಟಿದ್ರು. ನಾನು ಬಾಯಿ ಬಿಡಲಿಲ್ಲ. ಓಣ್ಯಾಗ "ಪೈಲಟಮ್ಮ" ಅಂತ ಕರೀತಿದ್ರಲ್ಲ, ಅದು ನನಗ ಹಿಡಿಸಿತ್ತು. ಸುಳ್ಳು ಯಾಕ ಹೇಳಲಿ.

ಹೋದ ವರ್ಷ, ಎರಡು ಸಾವಿರದ ಇಪ್ಪತ್ತೈದು, ನಮ್ಮನ್ಯಾಗ ಬರೀ ವಿಮಾನದ್ದೇ ಗದ್ದಲ. ಫೆಬ್ರವರಿಯಾಗ ಯಲಹಂಕದ ವಿಮಾನ ಪ್ರದರ್ಶನಕ್ಕ ಹೋಗಿ ಬಂದವರು ನಾಕು ದಿನ ಕುತ್ತಿಗಿ ಇಳಿಸಲಿಲ್ಲ. ಮೇ ತಿಂಗಳಾಗ ಗಡಿಯಾಗ ಕಾದಾಟ ಎದ್ದಾಗ ಊರ ಮಂದಿ "ಪೈಲಟ್ರ, ನಿಮ್ಮನ್ನ ಕರೀಲಿಲ್ಲೇನು?" ಅಂತ ಅಂಗಡಿಗೆ ಬಂದ್ರು. ಇವರು ಹಳೇ ಯೂನಿಫಾರಂ ತಗದು ಇಸ್ತ್ರಿ ಮಾಡಿದ್ರು. ಹೊಟ್ಟಿ ಹತ್ರ ಗುಂಡಿ ಹತ್ತಲಿಲ್ಲ. ಜೂನ್‌ದಾಗ ಅಹಮದಾಬಾದಿನಾಗ ವಿಮಾನ ಬಿದ್ದ ದಿನ ಅಂಗಡಿ ಬಾಗಿಲು ಹಾಕಿ ಬಂದು, ಉಣ್ಣದಂಗ ಕುಂತ್ರು. ಏನಾಗಿರಬೇಕ್ರಿ ಅಂದವರಿಗೆ "ಗೊತ್ತಿಲ್ಲದ್ದು ಹೇಳಬಾರದು" ಅಂದ್ರು. ಅವತ್ತು ನನಗೂ ಜಗಳಾಡೋ ಮನಸ್ಸಾಗಲಿಲ್ಲ.

ಸೆಪ್ಟೆಂಬರ್ ಇಪ್ಪತ್ತಾರಕ್ಕ ಚಂಡೀಗಢದಾಗ ಮಿಗ್-21ಕ್ಕ ಬೀಳ್ಕೊಡುಗಿ. ಅರವತ್ತೆರಡು ವರ್ಷ ದುಡದ ವಿಮಾನ. ಕಡೇ ಸಲ ಇಳಿದು ಬಂದಾಗ ಎರಡೂ ಕಡಿಯಿಂದ ನೀರು ಎರಚಿ ಬರಮಾಡಿಕೊಂಡ್ರು. ಇವರು ಟಿವಿ ಮುಂದ ಎದ್ದು ನಿಂತು, ಲುಂಗಿ ಮ್ಯಾಲೇ ಸಲ್ಯೂಟ್ ಹೊಡದ್ರು. ನಗಬೇಕು ಅಂದುಕೊಂಡೆ, ನನಗೂ ಕಣ್ಣೀರು ಬಂತು.

ಅದಾದ ಮ್ಯಾಲೆ ಹೈಸ್ಕೂಲಿನ ಹೆಡ್‌ಮಾಸ್ತರು ಪ್ರವೀಣಕುಮಾರ್ ಮನಿಗೆ ಬಂದ್ರು. ನವೆಂಬರ್ ಒಂದಕ್ಕ ರಾಜ್ಯೋತ್ಸವ, ನಿಮಗ ಸನ್ಮಾನ, ಎರಡು ಮಾತು ಆಡಬೇಕು ಅಂದ್ರು. ಫ್ಲೆಕ್ಸಿನ ನಮೂನಿ ಮೊಬೈಲಿನಾಗ ತೋರಿಸಿದ್ರು: "ಮಿಗ್-21 ಹಾರಿಸಿದ ನಮ್ಮೂರಿನ ವೀರ ಪೈಲಟ್." ಅವರು ಹೋದ ಮ್ಯಾಲೆ ಇವರು, "ಮಿಗ್ ರಿಟೈರ್ ಆತು ನೀಲಾ, ಈ ಸುಳ್ಳೂ ರಿಟೈರ್ ಆಗ್ಲಿ. ಮೈಕಿನಾಗ ಹೇಳಿಬಿಡ್ತೀನಿ" ಅಂದ್ರು.

"ಸುಮ್ಮನ ಶಾಲು ಹೊದಿಸಿಕೊಂಡು ಬರ್ರಿ. ಊರ ಮಂದಿ ಮುಂದ ನನ್ನ ಮುಖ ಏನಾಗಬೇಕು" ಅಂದೆ. "ನಿನ್ನ ಮುಖಕ್ಕೇನಾತು, ನೀನೇನು ಹೇಳೀಯೇನು?" ಅಂದ್ರು. ನಾನು ರೊಟ್ಟಿ ಬಡಿಯಾಕ ಎದ್ದು ಹೋದೆ.

ರಾಜ್ಯೋತ್ಸವದ ದಿನ ಹೈಸ್ಕೂಲಿನ ಅಂಗಳದಾಗ ಹೆಣ್ಣುಮಕ್ಕಳ ಸಾಲಿನಾಗ ಕುಂತೆ. ಪಕ್ಕಕ್ಕ ಮರುಳಸಿದ್ದಮ್ಮನೇ ಬಂದು ಕುಂತಳು. ಆಕಿ ಮೊಮ್ಮಗಳು ಅದೇ ಹೈಸ್ಕೂಲಿನಾಗ ಓದ್ತಾಳ. ಇವರಿಗೆ ಶಾಲು ಹೊದಿಸಿದ್ರು, ಹಾರ ಹಾಕಿದ್ರು, ಮೈಕ್ ಕೊಟ್ರು.

"ಮಕ್ಕಳ, ಒಂದಿನ ವಿಮಾನ ಹೊರಡಾಕ ತಯಾರಿತ್ತು" ಅಂತ ಶುರು ಮಾಡಿದ್ರು. "ಪೈಲಟ್ ಸಾಹೇಬ್ರು ಬೆಲ್ಟ್ ಕಟ್ಟಿಕೊಂಡು ಕುಂತಿದ್ರು. ನಾನು ನಟ್ಟು ಬಿಚ್ಚೋ ಪಾನಾ ಎಣಿಸಿದೆ. ಹತ್ತು ನಂಬರಿಂದು ಇಲ್ಲ. ಒಂದು ಪಾನಾ ವಿಮಾನದೊಳಗ ಉಳೀತಂದ್ರ ಪೈಲಟ್ ವಾಪಸ್ ಬರಂಗಿಲ್ಲ. ಕೈ ಅಡ್ಡ ಹಿಡಿದು ನಿಲ್ಲಿಸಿದೆ. ನಾಕು ತಾಸು ಎಲ್ಲಾ ಬಿಚ್ಚಿ ಹುಡುಕಿದ್ವಿ. ಅದು ನನ್ನ ಹಿಂದಿನ ಜೇಬಿನಾಗಿತ್ತು. ಬಚ್ಚಿಡಬಹುದಿತ್ತು, ಯಾರೂ ನೋಡಿರಲಿಲ್ಲ. ಕೈಯಾಗ ಹಿಡಕೊಂಡು ಹೋಗಿ ನಿಂತೆ. ಸಾಹೇಬ್ರು ಬೈಲಿಲ್ಲ. ತಾವೇ ಚಾ ತರಿಸಿದ್ರು. ಪಾನಾ ಕಳದವನ ಮ್ಯಾಲೆ ಸಿಟ್ಟಿಲ್ಲ, ಮುಚ್ಚಿಟ್ಟವನ ಮ್ಯಾಲೆ ಸಿಟ್ಟು ಅಂದ್ರು."

ಹುಡುಗರು ಚಪ್ಪಾಳಿ ಹೊಡದ್ರು.

"ಈಗ ತಿಳೀತಲ್ಲ, ನಾನು ಪಾನಾ ಹಿಡದವ. ಪೈಲಟ್ ಅಲ್ಲ. ವಿಮಾನದಾಗ ಒಮ್ಮೆನೂ ಹಾರಿಲ್ಲ. ಈ ಹೆಸರು ಯಾರು ಹಬ್ಬಿಸಿದ್ರೋ, ಇಷ್ಟು ವರ್ಷ ಹುಡುಕೀನಿ, ಸಿಗವಲ್ರು."

ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡಿಕೊಂಡಂಗ ನನ್ನ ಕೈ ಸೆರಗಿಗೆ ಹೋತು. ಮರುಳಸಿದ್ದಮ್ಮ ನನ್ನನ್ನೇ ನೋಡ್ತಾಳ. ಗಿರಣಿ ಮಾತು ಆಕಿ ಮರತಿರಲಿಲ್ಲ. ಬಾಯಿ ತಗದಳಂದ್ರ ಮುಗೀತು. ಆಕಿ ತಗದು ಹೇಳೋದು ಒಂದು, ನಾನೇ ಕೈಯಾಗ ಹಿಡಕೊಂಡು ಹೋಗೋದು ಒಂದು. ಎದ್ದು ನಿಂತೆ.

"ನಾನೇ ಹೇಳಿದ್ದು" ಅಂದೆ. "ಗಿರಣ್ಯಾಗ. ಈಕಿ ಮುಂದ."

ಇವರು ಮೈಕ್ ಹಿಡಕೊಂಡು ನನ್ನನ್ನ ನೋಡ್ತಲೇ ನಿಂತ್ರು. ನಮ್ಮ ತಮ್ಮನ ಎರಡು ವರ್ಷ ನೆನಪಾಗಿರಬೇಕು. ನಾನು ತಲಿ ತಗ್ಗಿಸಿದೆ. ಆಮ್ಯಾಲೆ ಮೈಕಿನಾಗ ನಕ್ಕಿದ್ದು ಕೇಳಿಸ್ತು.

"ಮಕ್ಕಳ," ಅಂದ್ರು, "ಪಾನಾ ಸಿಕ್ತು. ಹೆಡ್‌ಮಾಸ್ತರ, ಆಕಿಗೊಂದು ಚಾ ತರಿಸ್ರಿ."